ಹರಿಹರದಲ್ಲಿ ಓದದೆ ಬಿಟ್ಟ ಪುಟ

ಸಂಜೆ ಹರಿಹರದ ಗ್ರಂಥಾಲಯದಲ್ಲಿ ನನ್ನ ಕಥೆ ಓದಬೇಕಿತ್ತು. ಜನರೆದುರು ಓದುವುದು ಅದೇ ಮೊದಲು. ಬೆಳಗಿನಿಂದ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಓದುವ ಖುಷಿಗಿಂತ ದೊಡ್ಡ ಖುಷಿ ಇನ್ನೊಂದಿತ್ತು. ಅಲ್ಲೇ ಇರುವ ತಂಗಿ ಆಶಾ ಬರುತ್ತೇನೆಂದು ಅಮ್ಮನ ಕೈಲಿ ಹೇಳಿಕಳಿಸಿದ್ದಳು. ನನ್ನ ಮಗಳ ಲಗ್ನಪತ್ರಿಕೆಯಲ್ಲಿ, ಸುಖಾಗಮನ ಬಯಸುವವರ ಸಾಲಿನಲ್ಲಿ, ಅವಳ ಗಂಡನ ಹೆಸರನ್ನು ಪ್ರೆಸ್ಸಿನವರು ನುಂಗಿಹಾಕಿದ್ದರು. ಅವತ್ತಿನಿಂದ ಎರಡು ವರ್ಷ ನಮ್ಮಿಬ್ಬರಿಗೆ ಮಾತಿಲ್ಲ.

ನನ್ನ ಕಥೆಯೂ ಅದೇ, ಹೆಸರು ಬದಲಿಸಿದ್ದೆ ಅಷ್ಟೆ. ಆಶಯ ಕ್ಷಮೆ. ಅದು ಯಾರ ಕಣ್ಣಿಗೂ ತಪ್ಪಬಾರದೆಂದು ಕೊನೆಯ ಪುಟ ಪೂರ್ತಿ ಅದಕ್ಕೇ ಮೀಸಲಿಟ್ಟಿದ್ದೆ. ಅಲ್ಲಿ ಕಥೆಯ ಅಕ್ಕ, ಕ್ಷಮಿಸುವುದನ್ನು ಕಲಿ ಎಂದು ತಂಗಿಗೆ ಭರ್ಜರಿ ಭಾಷಣ ಬಿಗಿಯುತ್ತಾಳೆ. ಆ ಪುಟದ ಮೇಲೆ ನನಗೆ ವಿಪರೀತ ಹೆಮ್ಮೆ.

ವಿದ್ಯಾನಗರದ ನಮ್ಮ ಮನೆಯಿಂದ ಹೊರಡುವ ಮುಂಚೆ, ನನ್ನ ಜೊತೆ ಪಾಠ ಮಾಡುವ ಸಿಮ್ರಾನ್‌ಗೆ ಓದಿ ಹೇಳಿದೆ. ಕಥೆಯಲ್ಲಿ ಅಕ್ಕತಂಗಿ ಚಿಕ್ಕವರಿದ್ದಾಗ ಒಂದೇ ತಟ್ಟೆಯಲ್ಲಿ ಮಂಡಕ್ಕಿ ಮಿರ್ಚಿ ತಿನ್ನುತ್ತಾರೆ. ಖಾರ ತಡೆಯದ ತಂಗಿ ಮೇಲಿನ ಹಿಟ್ಟು ತಿಂದು, ಒಳಗಿನ ಮೆಣಸಿನಕಾಯಿಯನ್ನು ಅಕ್ಕನ ಕಡೆ ತಳ್ಳುತ್ತಾಳೆ. ಜಗಳವಾದ ಮೇಲೆ ಅದೇ ತಂಗಿ ಮಿರ್ಚಿ ಗಾಡಿಯ ಮುಂದೆ ಒಬ್ಬಳೇ ನಿಂತು ಹಿಟ್ಟು ತಿಂದು, ಮೆಣಸಿನಕಾಯಿ ಎಸೆಯಲಾಗದೆ ಕೈಯಲ್ಲೇ ಹಿಡಿದಿರುತ್ತಾಳೆ. ಅಲ್ಲಿಯವರೆಗೆ ಸಿಮ್ರಾನ್ ಗಲ್ಲಕ್ಕೆ ಕೈಯಿಟ್ಟು ಕೇಳಿದಳು. ಕೊನೆಯ ಪುಟ ಶುರುವಾದಾಗ ಹೆಲ್ಮೆಟ್ ಹಾಕಿಕೊಂಡಳು.

"ಯಾಕ, ಚೆನ್ನಾಗಿಲ್ಲೇನು?" ಅಂದೆ.

"ಕಥಿ ಮೆಣಸಿನಕಾಯಿ ಹತ್ರನೇ ಮುಗೀತಲ್ಲ ಅಕ್ಕ. ಆಮೇಲೆ ನೀವು ಕ್ಲಾಸ್ ತಗಂಡ್ರಿ."

"ಈ ಪುಟ ಇಲ್ದಿದ್ರೆ ಕ್ಷಮೆ ಅಂತ ಹೆಂಗೆ ಗೊತ್ತಾಗ್ತೈತೆ?"

"ಗೊತ್ತಾಗದಿದ್ರೆ ಬ್ಯಾಡ ಬಿಡ್ರಿ. ನಿಮ್ಮ ತಂಗಿ ಅಷ್ಟು ಜನರ ಮುಂದೆ ಬೈಸ್ಕಳ್ಳಾಕೆ ಬರ್ತಾರೇನು?"

ಸಿಟ್ಟು ನೆತ್ತಿಗೇರಿತು. ಹರಿಹರದವರೆಗೂ ಅವಳ ಸ್ಕೂಟರ್ ಹಿಂದೆ ಮುಖ ಊದಿಸಿಕೊಂಡೇ ಕೂತೆ.

ಆಶಾ ಬಂದಿದ್ದಳು. ಎದ್ದುಹೋಗಲು ಅನುಕೂಲವಾಗಲೆಂದೋ ಏನೋ, ಬಾಗಿಲ ಪಕ್ಕದ ಕುರ್ಚಿ ಹಿಡಿದಿದ್ದಳು. ಓದಲು ಶುರುಮಾಡಿದೆ. ಗಾಡಿಯ ಮುಂದೆ ತಂಗಿ ಒಬ್ಬಳೇ ನಿಂತ ಸಾಲಿಗೆ ಬಂದಾಗ ಆಶಾ ಸೆರಗಿನಿಂದ ಮೂಗು ಒರೆಸಿಕೊಂಡಳು. ನನ್ನ ಕೈಯಲ್ಲಿ ಭಾಷಣದ ಪುಟ ಉಳಿದಿತ್ತು. ಎಷ್ಟು ಮುದ್ದಿನಿಂದ ಬರೆದಿದ್ದೆ. ಸಿಮ್ರಾನ್ ಕಡೆ ನೋಡದೆ ಅದನ್ನು ಮಡಚಿ ಕೂತುಬಿಟ್ಟೆ.

ಒಂದು ಗಳಿಗೆ ಯಾರಿಗೂ ಮುಗಿದದ್ದೇ ತಿಳಿಯಲಿಲ್ಲ. ಆಮೇಲೆ ಚಪ್ಪಾಳೆ. ಮುಂದಿನ ಸಾಲಿನ ಇಬ್ಬರು ಹೆಂಗಸರು, ಮೊದಲು ಮಾತಾಡಿಸಬೇಕಾದದ್ದು ಅಕ್ಕನೋ ತಂಗಿಯೋ ಎಂದು ಜಗಳಕ್ಕೇ ಬಿದ್ದರು. ನನಗೆ ಕುಣಿಯುವಷ್ಟು ಸಂತೋಷವಾಯಿತು.

ಹೊರಗೆ ಮಿರ್ಚಿ ಗಾಡಿಯ ಹತ್ತಿರ ಆಶಾ ನಿಂತಿದ್ದಳು. ಒಂದೇ ತಟ್ಟೆ ಹೇಳಿದಳು. ಹಿಟ್ಟು ಬಿಡಿಸಿ ತಿಂದಳು.

"ನಾನೇನು ಕೈಯಾಗೆ ಹಿಡ್ಕಂಡು ನಿಂತಿರಲಿಲ್ಲ. ಎಸೀತಿದ್ದೆ," ಅಂದಳು. "ಕಥಿ ಅಂದ್ರೆ ಹಿಂಗೆ ಸುಳ್ಳು ಬರೀಬೋದೇನಕ್ಕ?"

ಹೇಳುತ್ತಲೇ ಮೆಣಸಿನಕಾಯಿಯನ್ನು ನನ್ನ ಕಡೆ ತಳ್ಳಿದಳು. ಕಚ್ಚಿದೆ. ಅಭ್ಯಾಸ ತಪ್ಪಿತ್ತು, ಖಾರ ನೆತ್ತಿಗೆ ಹತ್ತಿ ಕೆಮ್ಮಿದೆ. ಆಶಾ ಬೈಯುತ್ತಾ ನೀರಿನ ಲೋಟ ಮುಂದೆ ಹಿಡಿದಳು.