ಮಿಡತೆಯ ನೇರ ಜಿಗಿತ

ನೆಲಕ್ಕೂ ತನಗೂ ಎಣ್ಣೆ ಸೀಗೇಕಾಯಿ ಎಂಬಂತೆ ಸದಾ ಹಾರುತ್ತಲೇ ಇರುವ ಹುಡುಗಿಯೊಬ್ಬಳು ಇದ್ದಳಂತೆ. ಮನೆಯವರಿಗೆ ಅವಳು ಮಿಡತೆ. ವಾಲಿಬಾಲ್ ಬಲೆಯ ಮುಂದೆ ಹಾರಿದರೆ, ಇಳಿಯುವುದನ್ನೇ ಮರೆತಳೇನೋ ಅನ್ನಿಸುತ್ತಿತ್ತು. ಒಮ್ಮೆ ಇಳಿಯುವಾಗ ಮಂಡಿ ಕೈಕೊಟ್ಟಿತು. ಆಪರೇಷನ್, ಊರುಗೋಲು, ವ್ಯಾಯಾಮ ಎಂದು ವರ್ಷವೇ ಉರುಳಿತು. ಹಳೆಯ ಎತ್ತರದ ಹತ್ತಿರ ಒಂದೇ ಒಂದು ಸರಿಯಾದ ಜಿಗಿತ ತೋರಿಸಿದರೆ ತಂಡಕ್ಕೆ ಮತ್ತೆ ಸೇರಿಸಿಕೊಳ್ಳುವುದಾಗಿ ಕೋಚ್ ಹೇಳಿದ್ದರು. "ಇವತ್ತೇ ತೋರಿಸ್ತೀನಿ ಸರ್" ಎಂದು ಮಾತು ಕೊಟ್ಟು ಬಂದಿದ್ದಳು ಮಿಡತೆ.

ಜಿಗಿತ ಅಳೆಯುವವಳು ತಂಡದ ಫಿಸಿಯೋಥೆರಪಿಸ್ಟ್, ಅವಳ ಸ್ವಂತ ಅತ್ತಿಗೆ. ಕೋಣೆಯ ನಡುವೆ ತಂತಿ ಜೋಡಿಸಿದ ಕಪ್ಪು ಚಾಪೆ. ಪಾದ ಮೇಲೆದ್ದ ಕ್ಷಣದಿಂದ ಮತ್ತೆ ತಾಗಿದ ಕ್ಷಣದವರೆಗಿನ ಹೊತ್ತನ್ನು ಹಿಡಿದು ಅದು ಪಕ್ಕದ ಕಂಪ್ಯೂಟರ್ ಪರದೆಯಲ್ಲಿ ಎತ್ತರ ಹೇಳುತ್ತಿತ್ತು.

ಮಿಡತೆ ಸೊಂಟಕ್ಕೆ ಕೈಯಿಟ್ಟು ಜಿಗಿದಳು. ಪರದೆಯ ಮೇಲೆ ಹಳೆಯ ಎತ್ತರಕ್ಕಿಂತ ಕೂದಲೆಳೆಯಷ್ಟು ಹೆಚ್ಚೇ ಮೂಡಿತು.

"ನೋಡಿದ್ರಾ ಅತ್ತಿಗೆ! ಸರ್‌ನ ಕರೀರಿ!"

"ಕರೆಯಲ್ಲ. ಕಾಲು ಮಡಚ್ಕೊಂಡು ಇಳಿದೆ. ಪಾದ ತಡವಾಗಿ ತಾಗ್ತು. ಪಾಪ, ಚಾಪೆ ನೀನಿನ್ನೂ ಮೇಲೇ ಇದ್ದೀಯ ಅಂದ್ಕೊಂಡ್ತು."

"ಚಾಪೆಗಿಲ್ಲದ ತಕರಾರು ನಿಮಗ್ಯಾಕೆ? ಅಣ್ಣನ್ನ ಒಪ್ಕೊಳ್ಳೋವಾಗ ಇಷ್ಟೆಲ್ಲಾ ಅಳೆದು ನೋಡಿದ್ರಾ?"

"ಅವತ್ತು ನೋಡ್ಲಿಲ್ಲ ಅಂತಾನೇ ಇವತ್ತು ನೋಡ್ತಿರೋದು. ನಿಲ್ಲು."

ಮತ್ತೆ ಜಿಗಿದಳು. ಮತ್ತೆ ಮಡಚಿತು. ಬೂಟಿನ ದಾರ ಬಿಚ್ಚಿ ಕಟ್ಟಿದಳು, ಕಿಟಕಿಯವರೆಗೆ ಹೋಗಿ ಬಂದಳು, ಬೇಡದ ನೀರು ಕುಡಿದಳು. ಮತ್ತೆ ಅದೇ.

"ಮೋಸ ಮಾಡ್ತಿಲ್ಲ ಅತ್ತಿಗೆ. ಅದೇ ಮಡಚ್ಕೊಂಡ್ಬಿಡುತ್ತೆ."

"ಗೊತ್ತು ಕಣೇ. ನಿನ್ನ ಕಾಲಿಗೆ ಹಾರೋಕೆ ಭಯ ಇಲ್ಲ, ಇಳಿಯೋಕೆ ಭಯ."

ಚಾಪೆಯ ಪಕ್ಕದಲ್ಲೇ ಅತ್ತಿಗೆ ಅವಳಿಂದ ಗೇಣುದ್ದದ ಜಿಗಿತ ಹಾಕಿಸಿದಳು. "ಬೆರಳು ಮೊದಲು ತಾಗ್ಲಿ. ಆಮೇಲೆ ಎಷ್ಟು ಬೇಕಾದ್ರೂ ಬಗ್ಗು." ಗೇಣು ಮೊಳವಾಗುವ ಹೊತ್ತಿಗೆ ಕೋಚ್ ಬಾಗಿಲಲ್ಲಿ ನಿಂತಿದ್ದರು.

"ಏನಮ್ಮಾ, ಹಾರ್ತೀಯೋ, ಚಾಪೆ ಸುತ್ತಿಡೋಣ್ವೋ?"

ಮೊದಲ ಅಂಕಿಯನ್ನು ಹೇಳಿಬಿಡಲೇ ಎಂದು ಅವಳ ನಾಲಿಗೆ ತುರಿಸಿತು. ಅತ್ತಿಗೆ ಮುಖ ಎತ್ತಲಿಲ್ಲ.

"ಇನ್ನೊಂದ್ಸಲ, ಸರ್" ಎಂದು ಚಾಪೆಯ ಮೇಲೆ ನಿಂತಳು.

ಜಿಗಿದಳು. ನೆಲ ಮೇಲೇರಿ ಬರುತ್ತಿರುವಂತೆ ಕಂಡಿತು. ಮಂಡಿ ಒಳಗೆಳೆದುಕೊಳ್ಳಲು ನೋಡಿತು. ಬಿಡಲಿಲ್ಲ. ಬೆರಳು ತಾಗಿತು, ಹಿಮ್ಮಡಿ ತಾಗಿತು, ಆಮೇಲಷ್ಟೇ ಮಂಡಿ ಬಗ್ಗಿ ಅವಳನ್ನು ಹೊತ್ತುಕೊಂಡಿತು.

"ನಿನ್ನ ಹಳೇ ಎತ್ತರಕ್ಕಿಂತ ಸ್ವಲ್ಪ ಕಮ್ಮಿ" ಎಂದರು ಕೋಚ್, ಪರದೆಗೆ ಬಗ್ಗಿ. "ಆದ್ರೆ ಹತ್ತಿರ ಇದೆ. ನಾಳೆ ಪ್ರಾಕ್ಟೀಸಿಗೆ ಬಾ."

ಅತ್ತಿಗೆ ಅಂಕಿಯನ್ನು ಉಳಿಸುವ ಗುಂಡಿ ಒತ್ತಿದಳು.