ಹೊನ್ನಾರು ಮಾಲಿನ ಮೂಲೆಗಲ್ಲು

ಹೊನ್ನಾರು ಮಾಲಿನವರು ತಮ್ಮ ಚರಿತ್ರೆ ಬರೆಸುತ್ತಾರಂತೆ, ಅದನ್ನು ತಾನೇ ಬರೆದುಕೊಡಬೇಕಂತೆ ಎಂದಾಗಲೇ ಉಷಾರಾಣಿಗೆ ಅನುಮಾನ ಶುರುವಾಯಿತು. ಕುಶಾಲನಗರ ದಾಟಿ ಮಡಿಕೇರಿ ರಸ್ತೆಗೆ ಹೊರಳಿದರೆ ಎದುರಾಗುವ ಆ ಕಟ್ಟಡದ ಬೆನ್ನಿಗೇ ಅವಳ ಮನೆ. ಮದುವೆಯಾಗಿ ಬಂದ ವರ್ಷವೇ ಮಾಲ್ ತೆರೆದಿತ್ತು. ಅದರ ಜನರೇಟರಿನ ಗುಡುಗಿಗೆ ಮಗಳನ್ನು ತೂಗಿ ಮಲಗಿಸಿದ್ದಳು, ಅದರ ಹೋಟೆಲುಗಳ ಕರಿದೆಣ್ಣೆಯ ವಾಸನೆಯಲ್ಲಿ ಬಟ್ಟೆ ಒಣಗಿಸಿದ್ದಳು. ಇಷ್ಟು ವರ್ಷದಲ್ಲಿ ಅಲ್ಲಿಯ ಒಬ್ಬರೂ ಈ ಕಡೆ ಮುಖ ಹಾಕಿದವರಲ್ಲ. ಈಗ ಮ್ಯಾನೇಜರ್ ಪ್ರಜ್ಞೇಶ್ ತಾನೇ ಹಿಂದಿನ ಗೇಟು ದಾಟಿ ಬಂದಿದ್ದ. ಶೂ ಬಿಚ್ಚಿ ಜಗುಲಿಯ ಮೇಲೆ ಕೂತಿದ್ದ. ಬೆಳಗ್ಗೆ ಕಾಯಿಸಿದ್ದ ಕಾಫಿಯನ್ನೇ ಮತ್ತೆ ಬಿಸಿ ಮಾಡಿ ಕೊಟ್ಟರೆ, "ಆಹಾ, ಎಂಥಾ ಕಾಫಿ ಮೇಡಂ" ಅಂದ. ಹಳಸಲು ಕಾಫಿಯನ್ನು ಹೊಗಳುವವನನ್ನು ನಂಬುವುದು ಹೇಗೆ?

"ನೀವು ಕನ್ನಡ ಎಂ.ಎ. ಮಾಡಿದ್ದೀರಂತೆ. ಆನಿವರ್ಸರಿಗೆ ಗೋಡೆ ತುಂಬ ದೊಡ್ಡದಾಗಿ ಹಾಕ್ತೀವಿ. ಕಥೆ ಥರ ಬರೀರಿ. ಮೊದಲು ಇಲ್ಲಿ ಏನಿತ್ತು, ಯಾರ ಹೊಲ ಎಲ್ಲಿಗೆ ಮುಗೀತಿತ್ತು, ಮೂಲೆಗಲ್ಲು ಎಲ್ಲಿತ್ತು... ನಿಮ್ಮ ಮಾವನಿಗೆ ಎಲ್ಲಾ ನೆನಪಿರುತ್ತಲ್ವಾ? ಪಬ್ಲಿಕ್‌ಗೆ ಇಂಥ ಡೀಟೇಲ್ಸ್ ಅಂದ್ರೆ ಪ್ರಾಣ."

ಪಬ್ಲಿಕ್‌ಗೆ ಎಸ್ಕಲೇಟರಿನ ಕಥೆ ಬೇಕಾಗಬಹುದು, ಸಿನಿಮಾ ಟಾಕೀಸಿನ ಕಥೆ ಬೇಕಾಗಬಹುದು. ಮೂಲೆಗಲ್ಲಿನ ಕಥೆ ಯಾರಿಗೆ ಬೇಕು? ಉಷಾರಾಣಿ ಬಾಯಲ್ಲಿ "ನೋಡೋಣ" ಎಂದಳು. "ಆಗಲಿ" ಎನ್ನುವುದಕ್ಕೂ "ನೋಡೋಣ" ಎನ್ನುವುದಕ್ಕೂ ಇರುವ ದೂರವನ್ನು ಅವಳು ಯಾವಾಗಲೂ ಕಾಯ್ದುಕೊಳ್ಳುತ್ತಿದ್ದಳು.

ಮರುದಿನ ಬೆಳಗ್ಗೆ ಶೆಡ್ಡಿನ ಕಂಬದ ಮೇಲೆ, ಕೆಡವುವ ಕಟ್ಟಡಗಳಿಗೆ ಹಾಕುವಂಥ ಕೆಂಪು ಬಣ್ಣದ ಬೊಟ್ಟು ಕಂಡಿತು.

ಶೆಡ್ಡು ಅವಳದು. ಮನೆಯ ಪಕ್ಕಕ್ಕೆ, ಮಾಲಿನ ಕಾಂಪೌಂಡಿಗೆ ತಾಗಿದಂತೆ ಶೀಟು ಹೊದಿಸಿ ಕಟ್ಟಿಕೊಂಡದ್ದು. ಒಳಗೆ ಮೂರು ಹೊಲಿಗೆ ಮಿಷನ್ನು. ಸುತ್ತಲಿನ ಶಾಲೆಗಳ ಯೂನಿಫಾರ್ಮು ಅಲ್ಲೇ ಹೊಲಿಗೆಯಾಗಬೇಕು. ಗಂಡ ನಂದೀಶ್ ಮಾದಾಪುರದ ಕಡೆಯ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್. ಅವನ ಸಂಬಳ ಮನೆ ನಡೆಸುತ್ತಿತ್ತು, ಶೆಡ್ಡು ಉಷಾರಾಣಿಯನ್ನು ತಲೆಯೆತ್ತಿ ನಡೆಸುತ್ತಿತ್ತು. ಆ ಬೊಟ್ಟನ್ನು ಸೀಮೆಎಣ್ಣೆ ಹಾಕಿ ಉಜ್ಜಿದಳು. ಹೋಗಲಿಲ್ಲ.

ಹಿಂದಿನ ಗೇಟಿನ ನೇರಳೆ ಮರದಡಿ ಹೂ ಮಾರುವ ಲಿಂಗಮ್ಮನಿಗೆ ಮಾಲಿನ ಒಳಗುಟ್ಟು ಮಾಲಿನವರಿಗಿಂತ ಮೊದಲೇ ತಿಳಿಯುತ್ತಿತ್ತು. ಕಾವಲಿನವರು, ಕಸ ಗುಡಿಸುವವರು, ಹೋಟೆಲಿನ ಹೆಂಗಸರು ಎಲ್ಲರೂ ಆ ನೆರಳಲ್ಲಿ ನಿಂತು ಬಾಯಿ ಹಗುರ ಮಾಡಿಕೊಂಡೇ ಮುಂದೆ ಹೋಗುವುದು.

"ಮಾಲು ಮಾರ್ತಾರಂತೆ ಕಣವ್ವಾ," ಎಂದಳು ಲಿಂಗಮ್ಮ, ಮಲ್ಲಿಗೆ ಮಾಲೆಯನ್ನು ಮೊಣಕೈಗೆ ಹಿಡಿದು ಅಳೆಯುತ್ತಾ. "ಯಾವ್ದೋ ದೊಡ್ಡ ಕಂಪ್ನಿ. ಹಿಂದ್ಗಡೆಯಿಂದ ಲಾರಿ ಬರಕ್ಕೆ ದಾರಿ ಇದ್ರೆ ಮಾತ್ರ ತಗಂತೀವಿ ಅಂದವ್ರಂತೆ."

"ಹಿಂದ್ಗಡೆ ದಾರಿ ಎಲ್ಲಿದೆ ಲಿಂಗಮ್ಮಾ? ಹಿಂದೆ ಇರೋದು ನನ್ನ ಶೆಡ್ಡು."

"ಅದ್ನೇ ನಾನೂ ಅಂದಿದ್ದು," ಎಂದು ಲಿಂಗಮ್ಮ ನಕ್ಕು, ಮೊಳದ ಮೇಲೆ ಎರಡು ಬೆರಳು ಹೆಚ್ಚಿಗೆ ಬಿಟ್ಟು ದಾರ ಕತ್ತರಿಸಿದಳು. ಕೊಸರು ಕೊಡದೆ ಅವಳು ಯಾರನ್ನೂ ಕಳಿಸಿದವಳಲ್ಲ. "ಹೋಗ್ಲಿ ಬಿಡು, ಮುಡ್ಕೋ. ಹೆದ್ರುಕಂಡು ಕೂತ್ರೆ ಹೂವೂ ಬಾಡ್ತದೆ."

ಉಷಾರಾಣಿ ಬರೆಯಲು ಒಪ್ಪಿದಳು. ಕೇಳುವವನು ಏನು ಕೇಳುತ್ತಾನೆ ಎಂಬುದರಲ್ಲೇ ಅವನಿಗೆ ಏನು ಬೇಕು ಎಂಬುದು ಗೊತ್ತಾಗುತ್ತದಲ್ಲ.

ಬರೆಯಲು ಕೂತರೆ ಚರಿತ್ರೆ ತಾನಾಗಿ ಹರಿಯಿತು. ಹಾಸನದ ಕಡೆಯಿಂದ ಗಾಡಿ ಕಟ್ಟಿಕೊಂಡು ಬಂದ ಮಾವ ಸಣ್ಣಸ್ವಾಮಿಯ ಮನೆಯವರು ಇಲ್ಲಿಯ ಕುರುಚಲು ಕಡಿದು ರಾಗಿ, ಜೋಳ, ಶುಂಠಿ ಬೆಳೆದದ್ದು. ಬೆಳೆಯಿಲ್ಲದ ತಿಂಗಳಲ್ಲಿ ಅದೇ ಹೊಲದಲ್ಲಿ ದನದ ಜಾತ್ರೆ ಸೇರುತ್ತಿದ್ದದ್ದು. ಕಂಟ್ರಾಕ್ಟರ್ ಕೀರ್ತಿಕುಮಾರ್ ಅದನ್ನು ಕೊಂಡು ಮಾಲ್ ಎಬ್ಬಿಸಿದ್ದು. ತೆರೆದ ದಿನ ಶನಿವಾರಸಂತೆಯಿಂದ, ಗಾಳಿಬೀಡಿನಿಂದ ಜನ ಜೀಪು ತುಂಬಿಕೊಂಡು ಬಂದಿದ್ದರು. ಎಸ್ಕಲೇಟರಿನ ಮುಂದೆ ಹೆಂಗಸರು ಗುಡಿಯೆದುರು ಬಿಟ್ಟಂತೆ ಚಪ್ಪಲಿ ಬಿಟ್ಟು, ಸೆರಗು ಸಿಕ್ಕಿಸಿಕೊಂಡು, ಕಣ್ಣು ಮುಚ್ಚಿ ಹತ್ತಿದ್ದರು. ಮೇಲೆ ಮುಟ್ಟಿದ ಮೇಲೆ ಚಪ್ಪಲಿಗೆಂದು ಮತ್ತೆ ಕೆಳಗೆ ಓಡಿದ್ದರು. ಬಟವಾಡೆಯ ಭಾನುವಾರಗಳಲ್ಲಿ ಎಸ್ಟೇಟಿನ ಕೂಲಿ ಲೈನುಗಳೇ ಖಾಲಿಯಾಗಿ ಇಲ್ಲಿ ಬಂದು ಐಸ್‌ಕ್ರೀಮ್ ಮೆಲ್ಲುತ್ತಿದ್ದವು. ಆಮೇಲೆ ಒಂದು ಮಳೆಗಾಲ ನೆಲಮಾಳಿಗೆಗೆ ಹೊಳೆ ನುಗ್ಗಿತು. ಆಮೇಲೆ ರೋಗ ಬಂದು ಎಲ್ಲವೂ ಮುಚ್ಚಿತು. ಮತ್ತೆ ತೆರೆದಾಗ ಸಿನಿಮಾ ತೆರೆಯಲಿಲ್ಲ, ಎಡಗಡೆಯ ಸಾಲಿನ ಶಟರುಗಳು ಏಳಲಿಲ್ಲ, ಎಸ್ಕಲೇಟರ್ ಸುಮ್ಮನೆ ಮೆಟ್ಟಿಲಾಗಿ ನಿಂತಿತು.

ಇಷ್ಟನ್ನು ಕೊಟ್ಟರೆ ಪ್ರಜ್ಞೇಶ್ ಹಾಳೆ ಮೇಲಿಂದ ಕೆಳಗೆ ಹುಡುಕಿದ. ಓದಲಿಲ್ಲ, ಹುಡುಕಿದ.

"ಸೂಪರ್ ಮೇಡಂ. ಆದ್ರೆ ಆ ಮೂಲೆಗಲ್ಲು?"

"ಅದು ಯಾಕೆ ಸರ್ ಅಷ್ಟು ಮುಖ್ಯ?"

"ಇಲ್ಲ ಇಲ್ಲ, ಸುಮ್ನೆ. ಒಂದು ಟಚ್ ಇರ್ಲಿ ಅಂತ." ನಗುತ್ತಲೇ ಇದ್ದ. ಕೈ ಮಾತ್ರ ಪೆನ್ನಿನ ಮುಚ್ಚಳವನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿತ್ತು.

ಕಲ್ಲು ಸಿಕ್ಕಿದ್ದು ಆ ಭಾನುವಾರ, ಅವಳ ಹಿತ್ತಲಲ್ಲೇ.

ಬಟ್ಟೆ ಒಗೆಯುವ ಕಲ್ಲಿನ ಕೆಳಗೆ ನೀರು ಕೊರೆದು ಅದು ಒಂದು ಬದಿಗೆ ವಾಲಿತ್ತು. ಹಾರೆ ಕೊಟ್ಟು ಮಗುಚಿದಳು. ಇಷ್ಟು ವರ್ಷ ಮಣ್ಣಿಗೆ ಮುಖ ಮಾಡಿದ್ದ ಬದಿಯಲ್ಲಿ, ಉಳಿಯಿಂದ ಆಳವಾಗಿ ಕೊರೆದ ಕೂಡುಗುರುತು ಇತ್ತು. ಸರ್ವೆಯವರು ಜಮೀನಿನ ಮೂಲೆಗೆ ನೆಡುವ ಬಾಂದುಕಲ್ಲು. ಉಷಾರಾಣಿ ಹಾರೆಯನ್ನು ಅಲ್ಲೇ ಬಿಟ್ಟು ಎದ್ದಳು. ಊರವರೆಲ್ಲರ ಮೇಲೆ ಅನುಮಾನ ಪಟ್ಟಾಗಿತ್ತು, ಮನೆಯೊಳಗಿನವರ ಮೇಲೆ ಪಟ್ಟಿರಲಿಲ್ಲ. ಮಾವನೇ ಕಲ್ಲು ಕಿತ್ತು, ಗೆರೆ ಸರಿಸಿ, ಮಾರಿದ ಹೊಲದಲ್ಲಿ ಒಂದು ತುಂಡು ನುಂಗಿದ್ದರೆ? ತನ್ನ ಶೆಡ್ಡು ನಿಂತಿರುವುದೇ ಕದ್ದ ನೆಲದ ಮೇಲಾದರೆ?

ಸಣ್ಣಸ್ವಾಮಿ ಜಗುಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು.

"ಮಾವ, ಒಗೆಯೋ ಕಲ್ಲು ಎಲ್ಲಿಂದ ಬಂತು?"

"ಅದಾ? ಅದು ಹಗ್ಗ ಕಣವ್ವಾ."

"ಹಗ್ಗವಾ? ಸರಿಯಾಗಿ ಹೇಳಿ ಮಾವ. ಅದು ಸರ್ವೆ ಕಲ್ಲು."

"ಸರ್ವೆಯೋರಿಗೆ ಕಲ್ಲು, ನಂಗೆ ಹಗ್ಗ." ಮುದುಕ ಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ. "ದನ ಮಾರ್ದೋನು ಹಗ್ಗ ಕೊಡ್ತಾನಾ? ಹಗ್ಗ ಕೊಟ್ರೆ ಕೊಟ್ಟಿಗೆ ಲಕ್ಷ್ಮಿನೂ ಅದ್ರ ಹಿಂದೆ ಹೊಂಟೋಯ್ತಾಳೆ. ಕೊಂಡೋನು ತನ್ನ ಹಗ್ಗ ತರ್ಬೇಕು, ನಮ್ಮ ಹಗ್ಗ ಬಿಚ್ಕಂಡು ನಾವು ಮನೀಗ್ ಬರ್ಬೇಕು. ನಮ್ಮಪ್ಪನ ಕಾಲದಿಂದ ಹಂಗೇಯ. ಹೊಲ ಮಾರ್ದಾಗ ಬರಿಗೈಲಿ ಬರಕ್ಕೆ ಮನಸಾಗ್ನಿಲ್ಲ. ಹೊಲಕ್ಕೆ ಹಗ್ಗ ಯಾವ್ದು? ಕಟ್ಟಾಕಿರೋದು ಕಲ್ಲು ತಾನೆ? ಕಿತ್ಕಂಡ್ ಬಂದೆ."

"ಬಾಂದುಕಲ್ಲು ಕೀಳೋದು ಅಪರಾಧ ಮಾವ!"

"ಕದಿಯಕ್ಕೆ ಕಿತ್ರೆ ಅಪರಾಧ. ನನ್ನ ಹಗ್ಗ ನಾನು ಬಿಚ್ಕಂಡ್ರೆ ಅದೆಂಥ ಅಪರಾಧ?"

ಅವಳು ಅವರ ಮುಖವನ್ನೇ ನೋಡಿದಳು. ಸುಳ್ಳು ಹೇಳುವಾಗ ಮಾವ ಮೂಗು ಉಜ್ಜುತ್ತಾರೆ, ಬೀಡಿ ಸೇದಿಲ್ಲ ಎನ್ನುವಾಗಲೆಲ್ಲ ಉಜ್ಜುತ್ತಾರೆ. ಈಗ ಉಜ್ಜಲಿಲ್ಲ.

"ಕಿತ್ತ ಗುಂಡಿ ಎಲ್ಲಿ?"

"ಬರೀ ಗುಂಡಿ ಬಿಡಬಾರ್ದು ಅಂತ ಹೊಂಗೆ ಸಸಿ ಇಟ್ಟೆ. ಅಗಾ, ಆಗ್ಲೇ ಮರ ಆಗೈತಲ್ಲಾ."

ಅವರು ಗಲ್ಲ ಎತ್ತಿ ತೋರಿಸಿದ ಕಡೆ, ಕಾಂಪೌಂಡಿನ ಆಚೆ, ಮಾಲಿನ ಪಾರ್ಕಿಂಗ್ ಚೀಟಿ ಕೊಡುವ ಗೂಡಿನ ಪಕ್ಕ ಹೊಂಗೆ ಮರ ನಿಂತಿತ್ತು. ಮಾರಿದ ಹೊಲಕ್ಕೂ ಉಳಿಸಿಕೊಂಡ ನೆಲಕ್ಕೂ ನಡುವಿನ ಮೂಲೆ ಅದಾದರೆ ಶೆಡ್ಡು ಮಾತ್ರವಲ್ಲ, ಕಾಂಪೌಂಡಿನಾಚೆಯ ಬೈಕು ನಿಲ್ಲಿಸುವ ಜಾಗವೂ ಇವರದೇ. ನುಂಗಿದವರು ಮಾವನಲ್ಲ, ಮಾಲಿನವರು. ಸುತ್ತಲಿನ ಮಿಕ್ಕ ಕಲ್ಲುಗಳೆಲ್ಲ ಕಾಂಕ್ರೀಟಿನ ಕೆಳಗೆ ಹೋಗಿದ್ದವು. ರಸ್ತೆಯಾಚೆ ಒಂದು ಉಳಿದಿರಬಹುದು. ಇನ್ನು ಸಾಕ್ಷಿಯೆಂದರೆ ಈ ಮರ, ಈ ಮುದುಕ. ಇಬ್ಬರಲ್ಲಿ ಯಾರನ್ನು ಬೀಳಿಸಿದರೂ ಸಾಕು, ಗೆರೆಯನ್ನು ಬೇಕಾದಲ್ಲಿ ಎಳೆದುಕೊಳ್ಳಬಹುದು. ಆ ಗುರುತು ಎಲ್ಲಿದೆ ಎಂದು ತಿಳಿಯುವುದಕ್ಕೇ ಈ ಚರಿತ್ರೆ.

ಅಥವಾ ಇದೂ ತನ್ನ ಅನುಮಾನದ ಬುದ್ಧಿಯೇ ಇರಬಹುದೇ? ಫೋನಿನಲ್ಲಿ ನಂದೀಶ್ ಅದನ್ನೇ ಹೇಳಿದ. "ನಿಂಗೆ ಹಾಲಲ್ಲೂ ಹುಳ ಕಾಣ್ತದೆ ಉಷಾ. ಇರೋದು ಇದ್ದಂಗೆ ಬರ್ದುಕೊಟ್ಟು ಸುಮ್ನಿರು."

ಇದ್ದದ್ದನ್ನು ಇದ್ದಂತೆ ಅವಳು ಬರೆಯಲಿಲ್ಲ. ಪೆನ್ನು ಹಿಡಿದು ಬಹಳ ಹೊತ್ತು ಕೂತು, ಬೇಕೆಂದೇ ಒಂದು ಮರವನ್ನು ಬದಲಿಸಿದಳು: 'ಈಗ ಹಿಂದಿನ ಗೇಟಿನ ಬಳಿ ನೇರಳೆ ಮರ ಇರುವಲ್ಲಿ ಸಣ್ಣಸ್ವಾಮಿಯವರ ಹೊಲದ ಮೂಲೆಗಲ್ಲು ಇತ್ತು. ಕಲ್ಲು ಹೋದ ಗುಂಡಿಯಲ್ಲಿ ಅವರೇ ಆ ಸಸಿ ನೆಟ್ಟರು.' ಪ್ರಜ್ಞೇಶ್ ಒಳ್ಳೆಯವನಾದರೆ ಇದರಿಂದ ಯಾರಿಗೂ ಏನೂ ಆಗುವುದಿಲ್ಲ, ಆಮೇಲೆ ತಿದ್ದಿದರಾಯಿತು. ಒಳ್ಳೆಯವನಲ್ಲದಿದ್ದರೆ ತಿಳಿಯುತ್ತದೆ. ಕೊಟ್ಟು ಬಂದ ದಾರಿಯಲ್ಲೇ ತಾಲ್ಲೂಕು ಕಚೇರಿಗೆ ಹೋಗಿ, ತಮ್ಮ ಜಮೀನಿನ ಎಲ್ಲೆ ಗುರುತಿಸಿ ಎಂದು ಹದ್ದುಬಸ್ತಿಗೆ ಅರ್ಜಿ ಹಾಕಿದಳು. ಬೆಳಗ್ಗೆಯೇ ತೆಗೆದಿದ್ದ ಹೊಂಗೆಯ ಫೋಟೊವನ್ನು ಅರ್ಜಿಗೆ ಲಗತ್ತಿಸಿದಳು. ನೇರಳೆಯ ಫೋಟೊ ತೆಗೆಯಬೇಕೆಂದು ಹೊಳೆಯಲೇ ಇಲ್ಲ.

ಎರಡು ದಿನ ಏನೂ ಆಗಲಿಲ್ಲ. ತಾನು ಕೆಟ್ಟವಳು ಎಂದು ಅವಳಿಗೆ ಅನ್ನಿಸತೊಡಗಿತು. ಮೂರನೆಯ ದಿನ ಬೆಳಗ್ಗೆ ದೋಸೆ ಹುಯ್ಯುತ್ತಿದ್ದಾಗ ಮಿಷನ್ ಗರಗಸದ ಸದ್ದು ಕೇಳಿತು. ದೋಸೆ ಸೀದುಹೋಗಲಿ ಎಂದು ಬಿಟ್ಟು ಓಡಿದಳು.

ನೇರಳೆ ನೆಲಕ್ಕೊರಗಿತ್ತು. ಇಬ್ಬರು ಕೊಂಬೆ ಸವರುತ್ತಿದ್ದರು, ಇನ್ನೊಬ್ಬ ಬುಡದ ಸುತ್ತ ಅಗೆಯುತ್ತಿದ್ದ. ಆನಿವರ್ಸರಿಯ ಪೆಂಡಾಲಿಗೆ ಅಡ್ಡ ಎಂದರು ಅವರು. ಅದಕ್ಕೆಂದು ಮರ ಕಡಿಯುವವರು ಬುಡ ಅಗೆಯುವುದಿಲ್ಲ. ಹೊಂಗೆ ಎಂದಿನಂತೆ ಚೀಟಿ ಗೂಡಿನ ಮೇಲೆ ನೆರಳು ಚೆಲ್ಲಿಕೊಂಡು ನಿಂತಿತ್ತು. ಉಷಾರಾಣಿಗೆ ಒಂದು ಗಳಿಗೆ ಗೆದ್ದ ಖುಷಿಯೇ ಆಯಿತು. ಆಮೇಲೆ ಲಿಂಗಮ್ಮನನ್ನು ಕಂಡಳು. ಹೂವಿನ ಬುಟ್ಟಿಯನ್ನು ಸೊಂಟಕ್ಕೆ ಒತ್ತಿಕೊಂಡು, ಎಲ್ಲಿ ಇಳಿಸಬೇಕೆಂದು ತಿಳಿಯದೆ ಬಿಸಿಲಲ್ಲಿ ನಿಂತಿದ್ದಳು.

ಜಗುಲಿಯಿಂದ ಎದ್ದು ಬಂದ ಸಣ್ಣಸ್ವಾಮಿ ಬಿದ್ದ ಮರವನ್ನು ಸವರಿ, "ಥೂ, ಹಣ್ಣಿಡೋ ಮರ ಕಡಿಯೋರು ಮನುಷ್ರಾ?" ಎಂದರು. ಸೊಸೆಯ ಕಡೆ ನೋಡಿ ಅಂದದ್ದಲ್ಲ. ಆದರೂ ಅವಳು ತಲೆ ತಗ್ಗಿಸಿದಳು.

ಪ್ರಜ್ಞೇಶ್ ಆಫೀಸಿನಲ್ಲಿ ನಗುತ್ತಾ ಕುರ್ಚಿ ತೋರಿಸಿದ. "ಪೆಂಡಾಲ್ ಹಾಕ್ಬೇಕಿತ್ತು ಮೇಡಂ, ಅಡ್ಡ ಬರ್ತಿತ್ತು."

"ಪೆಂಡಾಲ್ ಮುಂದ್ಗಡೆ ತಾನೆ ಸರ್?"

"ಹಿಂದೇನೂ ಒಂದು ಹಾಕ್ತೀವಿ."

"ಒಳ್ಳೇದು." ಅವಳು ಕೂರಲಿಲ್ಲ. ಹೊಸ ಪ್ರತಿಯನ್ನು ಮೇಜಿನ ಮೇಲಿಟ್ಟಳು. "ಚರಿತ್ರೆಯಲ್ಲಿ ಒಂದು ತಪ್ಪಾಗಿತ್ತು, ತಿದ್ದಿದ್ದೀನಿ. ನೇರಳೆ ಅಲ್ಲ, ಹೊಂಗೆ. ಚೀಟಿ ಗೂಡಿನ ಪಕ್ಕದ್ದು. ಹದ್ದುಬಸ್ತಿಗೂ ಹಾಗೇ ಬರೆದುಕೊಟ್ಟಿದ್ದೀನಿ, ಫೋಟೊ ಸಮೇತ."

ಪೆನ್ನಿನ ಮುಚ್ಚಳ ಆಡುವುದು ನಿಂತಿತು. ಆ ನಗು ಮಾತ್ರ ಮುಖದ ಮೇಲೆ, ತೆಗೆಯಲು ಮರೆತ ಬ್ಯಾನರಿನಂತೆ, ಇನ್ನೂ ಸ್ವಲ್ಪ ಹೊತ್ತು ಇತ್ತು.

ಸರ್ವೆಯವರು ಬಂದರು. ಹೊಂಗೆಯಿಂದ ಹಿಡಿದು, ರಸ್ತೆಯಾಚೆ ಪೊದೆಯೊಳಗೆ ಸಿಕ್ಕ ಹಳೆಯ ಕಲ್ಲಿನವರೆಗೆ ಅಳೆದು ನಕ್ಷೆಗೆ ಹಿಡಿದರೆ ತಾಳೆಯಾಯಿತು. ಶೆಡ್ಡು ಉಳಿಯಿತು. ಕಾಂಪೌಂಡು ಒಡೆಯಬೇಕೇ ಬೇಡವೇ ಎಂಬ ಮಾತು ಇನ್ನೂ ನಡೆಯುತ್ತಿದೆ. ಕೊಳ್ಳಲು ಬಂದಿದ್ದ ಕಂಪನಿ ಸದ್ದಿಲ್ಲದೆ ಹಿಂದೆ ಸರಿದಿದೆ. ಕಲ್ಲು ಕಿತ್ತದ್ದಕ್ಕೆ ಸರ್ವೆಯವನು ಸಣ್ಣಸ್ವಾಮಿಯವರನ್ನು ಚೆನ್ನಾಗಿ ಬೈದ. ಹೊಂಗೆಯ ಬುಡಕ್ಕೆ ಅದನ್ನು ಮತ್ತೆ ನೆಡುವಾಗ ಮುದುಕ ಗೊಣಗಿದರು: "ತಗಳ್ರಪ್ಪಾ, ಹಗ್ಗಾನೂ ಕೊಟ್ಟಂಗಾಯ್ತು."

ಮಾಲಿನ ಗೋಡೆಯ ಮೇಲೆ ಚರಿತ್ರೆ ದೊಡ್ಡ ಅಕ್ಷರದಲ್ಲಿ ಬಂದಿದೆ. ಎಸ್ಕಲೇಟರಿದೆ, ಬಿಟ್ಟ ಚಪ್ಪಲಿಗಳಿವೆ. ಹೊಲ ಇಲ್ಲ, ಕಲ್ಲು ಇಲ್ಲ, ಎರಡು ಮರಗಳೂ ಇಲ್ಲ.

ಲಿಂಗಮ್ಮ ಈಗ ಕತ್ತರಿಸಿದ ಬುಡದ ಪಕ್ಕದಲ್ಲೇ ಹರಿದ ಛತ್ರಿ ಕಟ್ಟಿಕೊಂಡು ಕೂರುತ್ತಾಳೆ. ನಮ್ಮ ಶೆಡ್ಡಿನ ಸೂರಿನಡಿ ಬಂದು ಕೂತುಕೋ ಎಂದು ಉಷಾರಾಣಿ ಎಷ್ಟು ಕರೆದರೂ ಅವಳು ಬರಲಿಲ್ಲ. ಒಂದು ಬೆಳಗ್ಗೆ ಉಷಾರಾಣಿ ಹೂವಿಗೆ ಹೋದಾಗ ಲಿಂಗಮ್ಮ ಕೇಳಿಯೇಬಿಟ್ಟಳು.

"ಕುಯ್ಯಕ್ಕೆ ಬಂದೋರು ಮಾತಾಡ್ಕಂತಿದ್ರು. ಈ ಮರದ ಬುಡದಲ್ಲಿ ಯಾವ್ದೋ ಕಲ್ಲಿನ ಗುಂಡಿ ಐತೆ ಅಂತ ಯಾರೋ ಬರ್ದುಕೊಟ್ಟಿದ್ರಂತೆ. ಯಾರವ್ವಾ ಹಂಗ್ ಬರ್ದೋರು?"

ಉಷಾರಾಣಿ ತಲೆ ತಗ್ಗಿಸಿ ಕೈಯಲ್ಲಿದ್ದ ಚಿಲ್ಲರೆ ಎಣಿಸತೊಡಗಿದಳು. ಲಿಂಗಮ್ಮ ಅವಳನ್ನು ಒಂದು ಗಳಿಗೆ ನೋಡಿದಳು. ಉಷಾರಾಣಿ ಊರನ್ನೆಲ್ಲ ನೋಡುತ್ತಿದ್ದಳಲ್ಲ, ಹಾಗೆ. ಆಮೇಲೆ ಮಾಲೆ ಎತ್ತಿ, ಮೊಣಕೈಯಿಂದ ನಡುಬೆರಳಿನ ತುದಿಗೆ ಎಳೆದು ಹಿಡಿದು, ಬೆರಳ ತುದಿಗೆ ಸರಿಯಾಗಿ ದಾರ ಕತ್ತರಿಸಿದಳು.