ಕಡತದ ಹೊಸ ದಾರ

ಮೇಜರ್ ಕಣ್ಣಿಗೆ ಮೊದಲು ಬಿದ್ದದ್ದು ದಾರ. ಅವಳ ಸೇವಾ ಕಡತಕ್ಕೆ ಹದಿನಾಲ್ಕು ವರ್ಷ ವಯಸ್ಸು, ರಟ್ಟಿನ ಅಂಚು ಸವೆದು ನಾರು ಬಿಟ್ಟಿದೆ. ಅದನ್ನು ಕಟ್ಟಿದ ದಾರ ಮಾತ್ರ ನಿನ್ನೆ ಅಂಗಡಿಯಿಂದ ತಂದಂತೆ ಹಸಿರಾಗಿದೆ.

"ಎಲ್ಲ ಪುಟ ಸರಿಯಾಗಿದೆ ಅಂತ ಒಂದು ಸಹಿ ಹಾಕಿಬಿಡಿ ಮೇಡಂ. ನಾಲ್ಕು ಗಂಟೆ ಟಪಾಲಿಗೆ ಹೋಗಬೇಕು," ಎಂದರು ಹೆಡ್ ಕ್ಲರ್ಕ್. ನಿವೃತ್ತಿಗೆ ಎರಡು ತಿಂಗಳಿದ್ದ ಅವರನ್ನು ಕಚೇರಿಯವರೆಲ್ಲ ದೊಡ್ಡಪ್ಪ ಎಂದೇ ಕರೆಯುತ್ತಿದ್ದರು.

ಸೇನೆಯ ಹೆಣ್ಣು ಅಧಿಕಾರಿಗಳನ್ನು ಹದಿನಾಲ್ಕು ವರ್ಷಕ್ಕೆ ಮನೆಗೆ ಕಳಿಸುವಂತಿಲ್ಲ, ಗಂಡಸರಂತೆಯೇ ಕಾಯಂ ಸೇವೆಗೆ ಪರಿಗಣಿಸಬೇಕು ಎಂದು ನ್ಯಾಯಾಲಯ ಹೇಳಿ ಎಂಟು ತಿಂಗಳಾಗಿತ್ತು. ಆಯ್ಕೆ ಮಂಡಳಿ ಸೇರುವುದು ಶುಕ್ರವಾರ. ಅದು ಮುಖ ನೋಡುವುದಿಲ್ಲ, ಕಡತ ನೋಡುತ್ತದೆ. ಆಯ್ಕೆಯಾಗದಿದ್ದರೆ ಡಿಸೆಂಬರಿಗೆ ಸಮವಸ್ತ್ರ ಕಳಚಬೇಕು, ಪಿಂಚಣಿಯೂ ಇಲ್ಲ. ಮನೆಯಲ್ಲಿ ಅಮ್ಮ, ಒಂಬತ್ತು ವರ್ಷದ ಮಗಳು, ದುಡಿಯುವವಳು ಇವಳೊಬ್ಬಳೇ.

ಅವಳು ಒಂದೊಂದೇ ಪುಟ ತಿರುವಿದಳು. ನಲವತ್ತು, ನಲವತ್ತೊಂದು, ಆಮೇಲೆ 41ಎ. ಪ್ರವಾಹಕ್ಕೆ ಕೊಚ್ಚಿಹೋದ ಸೇತುವೆಯನ್ನು ಮೂವತ್ತೊಂದು ಗಂಟೆಯಲ್ಲಿ ಮತ್ತೆ ಕಟ್ಟಿಸಿದ್ದಕ್ಕೆ ಹನ್ನೊಂದು ವರ್ಷದ ಹಿಂದೆ ಬಂದ ಪ್ರಶಂಸಾಪತ್ರ. ಇದೆಲ್ಲಿ ಎಂದು ಅವಳೇ ಕಳೆದ ವಾರ ದೊಡ್ಡಪ್ಪನನ್ನು ಲಿಖಿತವಾಗಿ ಕೇಳಿದ್ದಳು. ಉತ್ತರ ಬಂದಿರಲಿಲ್ಲ, ಪತ್ರವೇ ಬಂದು ಕೂತಿತ್ತು. ಹಳದಿ ಕಾಗದದ ಮೇಲೆ ಪುಟಸಂಖ್ಯೆಯ ಕೆಂಪು ಶಾಯಿ ಹೊಚ್ಚ ಹೊಸದು. ಸೇರಿಸಿದ ದಿನಾಂಕವಿಲ್ಲ.

ಮಂಡಳಿ ಸೇರುವ ಮೊದಲು ಹೀಗೆ ನುಸುಳಿದ ಹಾಳೆ ಸಿಕ್ಕಿದರೆ ಅದು ಅಧಿಕಾರಿಯೇ ಕಡತ ತಿದ್ದಿದ ಲೆಕ್ಕ. ಹೋದ ತಿಂಗಳಷ್ಟೇ ಬೇರೆ ಪಡೆಯ ಒಬ್ಬ ಕ್ಯಾಪ್ಟನ್ ಹೆಸರು ಹೀಗೆಯೇ ಆಯ್ಕೆ ಪಟ್ಟಿಯಿಂದ ಹಾರಿಹೋಗಿತ್ತು.

"ಇದನ್ನ ಸೇರಿಸಿದ್ದು ಯಾರು?"

ದೊಡ್ಡಪ್ಪ ಕನ್ನಡಕ ಒರೆಸಿಕೊಂಡರು. "ನಾನೇ. ನಿಮ್ಮದೇ ಕಾಗದ ಅಲ್ವಾ?"

"ಹನ್ನೊಂದು ವರ್ಷ ಎಲ್ಲಿ ತಪಸ್ಸು ಮಾಡ್ತಿತ್ತು?"

ಅವರು ಕನ್ನಡಕ ಏರಿಸಿಕೊಂಡರು. ಇವರು ಮಾಡಿದ್ದು ಉಪಕಾರವೋ, ಒಡ್ಡಿದ್ದು ಉರುಳೋ? ತೀರ್ಪು ಬಂದ ದಿನ ಕ್ಯಾಂಟೀನಿನಲ್ಲಿ, "ಇನ್ನು ಬಳೆಗೂ ಸೆಲ್ಯೂಟ್ ಹೊಡೀಬೇಕಪ್ಪ," ಎಂದು ನಗಿಸಿದವರು ಇವರೇ. ಅವಳು ಹಿಂದಿನ ಮೇಜಿನಲ್ಲಿದ್ದಳು.

ಅಷ್ಟರಲ್ಲಿ ಕಚೇರಿಯ ಮುಖ್ಯಸ್ಥರಾದ ಕರ್ನಲ್ ಬಾಗಿಲಲ್ಲಿ ಇಣುಕಿದರು. "ಇನ್ನೂ ಸಹಿ ಆಗಿಲ್ವೇನಮ್ಮಾ? ಸೇತುವೆ ಕಾಗದವೂ ಸಿಕ್ಕಿದೆಯಲ್ಲ, ಇನ್ನೇನು ಬೇಕು? ಹೆಚ್ಚು ಕೆದಕಬೇಡಿ," ಎಂದು ನಕ್ಕು ಹೋದರು.

ಬೂಟಿನ ಸದ್ದು ದೂರವಾದ ಮೇಲೆ ಅವಳು ದೊಡ್ಡಪ್ಪನತ್ತ ತಿರುಗಿದಳು. "ಕಾಗದದ ವಿಷಯ ನಾನು ಅವರ ಹತ್ತಿರ ಎತ್ತೇ ಇಲ್ಲ. ಅವರಿಗೆ ಹೇಗೆ ಗೊತ್ತಾಯ್ತು, ದೊಡ್ಡಪ್ಪ?"

ದೊಡ್ಡಪ್ಪ ಬಾಗಿಲ ಕಡೆ ನೋಡಿದರು. ಕನ್ನಡಕದ ಡಬ್ಬಿಯಿಂದ ಬೀಗದ ಕೈ ತೆಗೆದು, ಬೀರುವಿನ ಕೆಳಗಿನ ಖಾನೆಯಿಂದ ಬಟ್ಟೆ ಸುತ್ತಿದ ಕಟ್ಟೊಂದನ್ನು ಎತ್ತಿಟ್ಟರು. ಮೇಲೊಂದು ಟಿಪ್ಪಣಿ ಇತ್ತು: "ಹೆಣ್ಣು ಅಧಿಕಾರಿಗಳ ಪ್ರಶಂಸಾಪತ್ರ ಕಡತಕ್ಕೆ ಸೇರಿಸಬೇಕಿಲ್ಲ. ಹೇಗೂ ಹೋಗುವವರು." ಕೆಳಗಿನ ಚುಟುಕು ಸಹಿಯನ್ನು ಅವಳು ದಿನಾ ನೋಡುತ್ತಿದ್ದಳು. ಕರ್ನಲ್ ಆಗ ಇದೇ ಕಚೇರಿಯಲ್ಲಿ ಕ್ಯಾಪ್ಟನ್.

"ನೀವು ಕೇಳಿ ಬರೆದದ್ದನ್ನ ಅವರಿಗೆ ತೋರಿಸಿದೆ. ನಿಮ್ಮದನ್ನ ಮಾತ್ರ ಸೇರಿಸು, ಉಳಿದದ್ದನ್ನ ಸುಟ್ಟುಬಿಡು ಅಂದ್ರು."

"ಉಳಿದದ್ದು ಎಷ್ಟು ಜನರದು?"

"ಆರು ಜನರದು. ಎಲ್ಲರ ಕಡತವೂ ಶುಕ್ರವಾರವೇ ಮಂಡಳಿ ಮುಂದೆ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಕರ್ನಲ್ ಲೆಕ್ಕದಲ್ಲಿ, ತನ್ನ ಪತ್ರ ಸಿಕ್ಕಿತೆಂದು ಅವಳು ಬಾಯಿ ಮುಚ್ಚಿಕೊಂಡರೆ ಸರಿ. ಇಲ್ಲವಾದರೆ ಕಡತ ತಿದ್ದಿದ ಆರೋಪ ಹೊರಲು ಹೆಗಲು ಸಿದ್ಧವಾಗಿದೆ, ಅವಳದೇ.

ಟಿಪ್ಪಣಿಯನ್ನು ಅವಳೇ ಜೆರಾಕ್ಸ್ ಮಾಡಿಕೊಂಡು ಬಂದಳು. ಪುಟಗಳೆಲ್ಲ ಸರಿಯಿವೆಯೆಂಬ ನಮೂನೆಯಲ್ಲಿ ಸಹಿಗೆ ಮೊದಲು ಬರೆದಳು: "ಪುಟ 41ಎ ಈ ವಾರ ಸೇರಿಸಿದ್ದು. ಹನ್ನೊಂದು ವರ್ಷ ಹೊರಗಿತ್ತು. ಇನ್ನೂ ಆರು ಅಧಿಕಾರಿಗಳ ಪತ್ರಗಳು ಹೊರಗಿವೆ. ಹೊರಗಿಡಲು ಹೇಳಿದ ಟಿಪ್ಪಣಿಯ ಪ್ರತಿ ಲಗತ್ತಿಸಿದೆ."

"ಇದನ್ನ ನೋಡಿ ನಿಮ್ಮ ಕಡತವನ್ನೇ ಬದಿಗಿಟ್ಟರೆ?" ದೊಡ್ಡಪ್ಪನ ದನಿ ಇಳಿದಿತ್ತು.

"ಇಡಲಿ. ಓದಿಯಾದರೂ ಇಡಬೇಕಲ್ಲ."

ಕಟ್ಟಿನಲ್ಲಿ ಹತ್ತೊಂಬತ್ತು ಹಾಳೆ. ಎರಡು ಸಲ ಎಣಿಸಿ, ಪಟ್ಟಿ ಬರೆದು, ಪೆನ್ನನ್ನು ಅವರತ್ತ ಚಾಚಿದಳು. "ಹತ್ತೊಂಬತ್ತೂ ಇವತ್ತು ನನಗೆ ಕೊಟ್ಟಿದ್ದೀರಿ ಅಂತ ಸಹಿ ಹಾಕಿ."

"ಸುಡು ಅಂದ್ರೂ ಸುಡದೆ ಇಟ್ಟವನು ನಾನು. ನನ್ನ ಮೇಲೂ ಅನುಮಾನವಾ?"

"ಬೀಗದ ಕೈ ಇಷ್ಟು ವರ್ಷ ಯಾರ ಡಬ್ಬಿಯಲ್ಲಿತ್ತು?"

ದೊಡ್ಡಪ್ಪ ಸಹಿ ಹಾಕಿದರು. ಕೇಳದೆಯೇ ದಿನಾಂಕವನ್ನೂ ಬರೆದರು.

ಕಡತವನ್ನೂ ಕಟ್ಟನ್ನೂ ಅವಳೇ ಟಪಾಲು ಕೋಣೆಗೆ ಒಯ್ದಳು. ಮಂಡಳಿಗೆ ಹೋಗುವ ಚೀಲಕ್ಕೆ ಅರಗಿನ ಮುದ್ರೆ ಬಿದ್ದು ತಣ್ಣಗಾಗುವವರೆಗೂ ಅಲ್ಲಿಂದ ಕದಲಲಿಲ್ಲ. ರಶೀದಿ ಜೇಬಿಗಿಟ್ಟು ಹೊರಬಂದಾಗ, ಕಾರಿಡಾರಿನ ಕೊನೆಯಲ್ಲಿ ಕರ್ನಲ್ ಕೋಣೆಯ ಬಾಗಿಲು ಎರಡು ಬೆರಳಷ್ಟು ತೆರೆದಿತ್ತು. ಅವಳು ನೋಡುತ್ತಿದ್ದಂತೆ ಮುಚ್ಚಿಕೊಂಡಿತು.